ದ್ವಿ ಕ್ರೋಡೀಕೃತ ನಷ್ಟ

ದ್ವಿ ಕ್ರೋಡೀಕೃತ ನಷ್ಟ ಎಂಬುದು ಅಂತರರಾಷ್ಟ್ರೀಯ ತೆರಿಗೆ ಕಾನೂನಿನ ಒಂದು ಪರಿಕಲ್ಪನೆ. ಬಹುರಾಷ್ಟ್ರೀಯ ಕಂಪನಿಯೊಂದರ ಒಂದೇ ನಷ್ಟವನ್ನು ಎರಡು ದೇಶಗಳಲ್ಲಿ, ಎರಡು ಬೇರೆ ಬೇರೆ ಕಂಪನಿಗಳ ಆದಾಯದಿಂದ ಕಳೆಯಲು ಅವಕಾಶವಿದ್ದರೆ ಆ ನಷ್ಟಕ್ಕೆ ಈ ಹೆಸರು ಅನ್ವಯಿಸುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಕಾನೂನಿನಲ್ಲಿ ಇದನ್ನು ‘ಡ್ಯುಯಲ್ ಕನ್ಸಾಲಿಡೇಟೆಡ್ ಲಾಸ್’ ಎಂದು ಕರೆಯಲಾಗುತ್ತದೆ. 1986ರ ತೆರಿಗೆ ಸುಧಾರಣಾ ಕಾಯಿದೆಯ ಮೂಲಕ ಅಲ್ಲಿನ ಆಂತರಿಕ ಕಂದಾಯ ಸಂಹಿತೆಯ 1503ನೇ ಸೆಕ್ಷನ್ನಿಗೆ ‘ಡಿ’ ಎಂಬ ಉಪವಿಭಾಗವನ್ನು ಸೇರಿಸಿ ಇಂತಹ ನಷ್ಟದ ಬಳಕೆಯನ್ನು ನಿರ್ಬಂಧಿಸಲಾಯಿತು. ನಂತರದ ದಶಕಗಳಲ್ಲಿ ಬ್ರಿಟನ್, ಆಸ್ಟ್ರೇಲಿಯ ಮತ್ತು ಐರೋಪ್ಯ ಒಕ್ಕೂಟದ ದೇಶಗಳು ಇದೇ ಉದ್ದೇಶದ ನಿಯಮಗಳನ್ನು ಬೇರೆ ಬೇರೆ ರೂಪಗಳಲ್ಲಿ ಜಾರಿಗೆ ತಂದವು.

ಸಮಸ್ಯೆಯ ಸ್ವರೂಪ

ಒಂದು ನಷ್ಟವು ಎರಡು ದೇಶಗಳ ಲೆಕ್ಕದಲ್ಲಿ ಕಾಣಿಸಿಕೊಳ್ಳುವುದು ತನ್ನಷ್ಟಕ್ಕೆ ತಪ್ಪಲ್ಲ. ಅಮೆರಿಕದ ಕಂಪನಿಯೊಂದು ಜರ್ಮನಿಯಲ್ಲಿ ಶಾಖೆಯನ್ನು ಹೊಂದಿದೆ ಎಂದುಕೊಳ್ಳಬಹುದು. ಶಾಖೆಗೆ ಲಾಭ ಬಂದಾಗ ಜರ್ಮನಿ ಅದಕ್ಕೆ ತೆರಿಗೆ ವಿಧಿಸುತ್ತದೆ. ಅಮೆರಿಕವೂ ತನ್ನ ಕಂಪನಿಯ ವಿಶ್ವವ್ಯಾಪಿ ಆದಾಯದ ಭಾಗವಾಗಿ ಅದನ್ನು ಪರಿಗಣಿಸಿ, ಜರ್ಮನಿಯಲ್ಲಿ ಕಟ್ಟಿದ ತೆರಿಗೆಗೆ ಜಮೆ ನೀಡುತ್ತದೆ. ಲಾಭವನ್ನು ಎರಡೂ ಕಡೆ ಲೆಕ್ಕಕ್ಕೆ ಹಿಡಿಯುವಾಗ ನಷ್ಟವನ್ನೂ ಎರಡೂ ಕಡೆ ಲೆಕ್ಕಕ್ಕೆ ಹಿಡಿಯುವುದು ನ್ಯಾಯವೇ ಆಗಿದೆ. ಇಲ್ಲಿ ಯಾವ ದೇಶದ ಬೊಕ್ಕಸಕ್ಕೂ ಅನುಚಿತವಾದ ಹಾನಿಯಿಲ್ಲ.

ಅದೇ ನಷ್ಟವನ್ನು ಜರ್ಮನಿಯಲ್ಲಿರುವ ಮತ್ತೊಂದು ಸೋದರ ಕಂಪನಿಯ ಲಾಭದಿಂದ ಕಳೆದರೆ ಪರಿಸ್ಥಿತಿ ಬದಲಾಗುತ್ತದೆ. ಆ ಸೋದರ ಕಂಪನಿಯ ಲಾಭ ಅಮೆರಿಕದ ತೆರಿಗೆ ಲೆಕ್ಕಕ್ಕೆ ಬಂದೇ ಇರುವುದಿಲ್ಲ. ಅತ್ತ ಅಮೆರಿಕದಲ್ಲಿ ಅದೇ ನಷ್ಟವು, ಜರ್ಮನಿ ಎಂದೂ ಕಾಣದ ಅಮೆರಿಕದ ಲಾಭವನ್ನು ಅಳಿಸಿಹಾಕಿರುತ್ತದೆ. ಹೀಗೆ ಒಂದು ನಷ್ಟವು ಎರಡು ಲಾಭಗಳನ್ನು ತೆರಿಗೆಯಿಂದ ಪಾರುಮಾಡುತ್ತದೆ. ಈ ವಿಷಯದ ಎಲ್ಲ ನಿಯಮಗಳ ಹಿಂದಿರುವುದು ಈ ಒಂದು ಭೇದ. ಎಷ್ಟು ದೇಶಗಳಲ್ಲಿ ನಷ್ಟವನ್ನು ಕಳೆಯಲಾಯಿತು ಎಂಬುದಕ್ಕಿಂತ, ಯಾವ ಆದಾಯದಿಂದ ಕಳೆಯಲಾಯಿತು ಎಂಬುದೇ ಇಲ್ಲಿ ಮುಖ್ಯ.

ಇಂತಹ ಸನ್ನಿವೇಶ ಉಂಟಾಗಲು ಎರಡು ಅಂಶಗಳು ಕೂಡಿಬರಬೇಕು. ಮೊದಲನೆಯದಾಗಿ, ಒಂದೇ ಕಂಪನಿಯನ್ನು ಅಥವಾ ಶಾಖೆಯನ್ನು ಎರಡು ದೇಶಗಳೂ ತಮ್ಮ ತೆರಿಗೆ ವ್ಯಾಪ್ತಿಯೊಳಗೆ ಸೇರಿಸಿಕೊಂಡಿರಬೇಕು. ಎರಡನೆಯದಾಗಿ, ಎರಡೂ ದೇಶಗಳಲ್ಲಿ ಒಂದು ಕಂಪನಿಯ ನಷ್ಟವನ್ನು ಅದೇ ಸಮೂಹದ ಮತ್ತೊಂದು ಕಂಪನಿಯ ಲಾಭದೊಂದಿಗೆ ಹೊಂದಿಸುವ ಸೌಲಭ್ಯವಿರಬೇಕು. ಅಮೆರಿಕದಲ್ಲಿ ಕನಿಷ್ಠ ಶೇ. 80ರಷ್ಟು ಒಡೆತನದಿಂದ ಬೆಸೆದುಕೊಂಡ ದೇಶೀಯ ಕಂಪನಿಗಳು ಒಟ್ಟಾಗಿ ಕ್ರೋಡೀಕೃತ ರಿಟರ್ನ್ ಸಲ್ಲಿಸಬಹುದು. ಬ್ರಿಟನ್ನಿನಲ್ಲಿ ಕನಿಷ್ಠ ಶೇ. 75ರಷ್ಟು ಒಡೆತನವಿರುವ ಸಮೂಹದೊಳಗೆ ಒಂದು ಕಂಪನಿ ತನ್ನ ನಷ್ಟವನ್ನು ಇನ್ನೊಂದಕ್ಕೆ ಬಿಟ್ಟುಕೊಡಬಹುದು. ಇದಕ್ಕೆ ಅಲ್ಲಿ ‘ಗ್ರೂಪ್ ರಿಲೀಫ್’ ಎಂಬ ಹೆಸರಿದೆ.

ಹಿನ್ನೆಲೆ

ಕಂಪನಿಯೊಂದು ಯಾವ ದೇಶದ ನಿವಾಸಿ ಎಂಬ ಪ್ರಶ್ನೆಗೆ ಅಮೆರಿಕ ಮತ್ತು ಬ್ರಿಟನ್ ಹಿಂದಿನಿಂದಲೂ ಭಿನ್ನವಾದ ಉತ್ತರ ನೀಡುತ್ತ ಬಂದಿದ್ದವು. ಅಮೆರಿಕಕ್ಕೆ ಮುಖ್ಯವಾದುದು ನೋಂದಣಿಯ ಸ್ಥಳ. ಅಲ್ಲಿನ ಯಾವುದಾದರೂ ಒಂದು ರಾಜ್ಯದ ಕಾನೂನಿನಡಿ ಸ್ಥಾಪಿತವಾದ ಕಂಪನಿ, ಅದರ ಆಡಳಿತ ಎಲ್ಲಿಂದಲೇ ನಡೆಯಲಿ, ಅಮೆರಿಕದ ಕಂಪನಿಯೇ. ಬ್ರಿಟನ್ನಿನ ನ್ಯಾಯಾಲಯಗಳು ಕೇಳುತ್ತಿದ್ದ ಪ್ರಶ್ನೆಯೇ ಬೇರೆ. ದಕ್ಷಿಣ ಆಫ್ರಿಕದಲ್ಲಿ ನೋಂದಾಯಿತವಾಗಿದ್ದ ಡಿ ಬಿಯರ್ಸ್ ವಜ್ರದ ಕಂಪನಿಯ ಪ್ರಕರಣದಲ್ಲಿ ಹೌಸ್ ಆಫ್ ಲಾರ್ಡ್ಸ್ 1906ರಲ್ಲಿ ನೀಡಿದ ತೀರ್ಪಿನ ಪ್ರಕಾರ, ಕಂಪನಿಯ ಕೇಂದ್ರೀಯ ಆಡಳಿತ ಮತ್ತು ನಿಯಂತ್ರಣ ಎಲ್ಲಿ ನಡೆಯುತ್ತದೆಯೋ ಅಲ್ಲಿಯೇ ಅದರ ನಿವಾಸ.

ಈ ಎರಡು ಮಾನದಂಡಗಳನ್ನು ಒಟ್ಟಿಗೆ ಇಟ್ಟರೆ, ಅಮೆರಿಕದಲ್ಲಿ ನೋಂದಾಯಿಸಿ ಲಂಡನ್ನಿನಲ್ಲಿ ನಿರ್ದೇಶಕ ಮಂಡಳಿಯ ಸಭೆ ನಡೆಸುವ ಕಂಪನಿಯೊಂದು ಏಕಕಾಲಕ್ಕೆ ಎರಡೂ ದೇಶಗಳ ನಿವಾಸಿಯಾಗುತ್ತದೆ. ಸಾಮಾನ್ಯವಾಗಿ ಇದು ಕಂಪನಿಗಳು ತಪ್ಪಿಸಿಕೊಳ್ಳಲು ಬಯಸುವ ಸ್ಥಿತಿ, ಏಕೆಂದರೆ ಲಾಭಕ್ಕೆ ಎರಡು ಕಡೆ ತೆರಿಗೆ ಬೀಳುವ ಅಪಾಯವಿರುತ್ತದೆ. ಆದರೆ ಎಂದಿಗೂ ಲಾಭ ಮಾಡದ, ನಷ್ಟಕ್ಕೆಂದೇ ಹುಟ್ಟಿದ ಕಂಪನಿಗೆ ಇದೇ ಸ್ಥಿತಿ ವರವಾಗುತ್ತದೆ. 1980ರ ದಶಕದಲ್ಲಿ ಬ್ರಿಟಿಷ್ ಸಮೂಹಗಳು ಅಮೆರಿಕದ ಉದ್ಯಮಗಳನ್ನು ಕೊಳ್ಳುವಾಗ ಸಾಲವನ್ನು ಇಂತಹ ಕಂಪನಿಯ ಹೆಸರಿನಲ್ಲಿ ಪಡೆಯುವ ಪದ್ಧತಿ ಬೆಳೆಯಿತು. ಎರಡು ದೇಶಗಳ ಸಮೂಹಗಳನ್ನು ಜೋಡಿಸುವ ಕೊಂಡಿಯಂತಿದ್ದುದರಿಂದ ತೆರಿಗೆ ತಜ್ಞರು ಇವನ್ನು ‘ಲಿಂಕ್ ಕಂಪನಿ’ಗಳೆಂದು ಕರೆದರು. ಒಂದೇ ಬಡ್ಡಿಯನ್ನು ಎರಡು ಕಡೆ ಕಳೆಯುವ ಈ ತಂತ್ರಕ್ಕೆ ‘ಡಬಲ್ ಡಿಪ್’ ಎಂಬ ಅಡ್ಡಹೆಸರೂ ಬಂದಿತು.

ಲೆಕ್ಕದ ಒಂದು ಉದಾಹರಣೆ

ಕಾನೂನು ಬದಲಾಗುವ ಮುನ್ನ, 1986ರ ಸುಮಾರಿನಲ್ಲಿ, ಅಮೆರಿಕದ ಗರಿಷ್ಠ ಕಂಪನಿ ತೆರಿಗೆ ದರ ಶೇ. 46 ಮತ್ತು ಬ್ರಿಟನ್ನಿನ ದರ ಶೇ. 35 ಆಗಿದ್ದವು. ಬ್ರಿಟಿಷ್ ಸಮೂಹವೊಂದರ ಲಿಂಕ್ ಕಂಪನಿಯು 1,000 ಡಾಲರ್ ಸಾಲವನ್ನು ಶೇ. 10ರ ಬಡ್ಡಿಗೆ ಪಡೆದು, ಆ ಹಣದಿಂದ ಅಮೆರಿಕದ ಕಾರ್ಖಾನೆಯೊಂದನ್ನು ಕೊಂಡಿತು ಎಂದು ಭಾವಿಸಬಹುದು. ಲಿಂಕ್ ಕಂಪನಿಗೆ ಬೇರೆ ಆದಾಯವಿಲ್ಲ. ವರ್ಷಕ್ಕೆ ಕಟ್ಟುವ 100 ಡಾಲರ್ ಬಡ್ಡಿಯೇ ಅದರ ನಷ್ಟ.

ಅಮೆರಿಕದಲ್ಲಿ ಈ ನಷ್ಟವು ಕ್ರೋಡೀಕೃತ ರಿಟರ್ನ್‌ನಲ್ಲಿ ಕಾರ್ಖಾನೆಯ 100 ಡಾಲರ್ ಲಾಭವನ್ನು ಅಳಿಸಿಹಾಕುತ್ತದೆ. ಉಳಿತಾಯ 46 ಡಾಲರ್. ಬ್ರಿಟನ್ನಿನಲ್ಲಿ ಅದೇ ನಷ್ಟವನ್ನು ಗ್ರೂಪ್ ರಿಲೀಫ್ ಮೂಲಕ ಅಲ್ಲಿನ ಸೋದರ ಕಂಪನಿಗೆ ಬಿಟ್ಟುಕೊಡಲಾಗುತ್ತದೆ. ಉಳಿತಾಯ 35 ಡಾಲರ್. ಒಟ್ಟು 81 ಡಾಲರ್ ತೆರಿಗೆ ಉಳಿದು, 100 ಡಾಲರ್ ಬಡ್ಡಿಯಲ್ಲಿ ಸಮೂಹದ ಕೈಯಿಂದ ನಿಜವಾಗಿ ಹೋದದ್ದು 19 ಡಾಲರ್ ಮಾತ್ರ. ಅದೇ ಕಾರ್ಖಾನೆಯನ್ನು ಕೊಳ್ಳಲು ಹವಣಿಸುವ ಅಮೆರಿಕದ ಕಂಪನಿಗೆ ಅದೇ ಸಾಲದ ಮೇಲೆ 54 ಡಾಲರ್ ವೆಚ್ಚ ಬೀಳುತ್ತಿತ್ತು. ಆದ್ದರಿಂದ ವಿದೇಶಿ ಖರೀದಿದಾರ ಹೆಚ್ಚಿನ ಬೆಲೆ ಕೂಗಬಲ್ಲವನಾಗಿದ್ದ. ಬೊಕ್ಕಸದ ಹಾನಿಯಷ್ಟೇ ಈ ಪೈಪೋಟಿಯ ಅಸಮತೆಯೂ ಅಮೆರಿಕದ ಶಾಸಕರ ಕಣ್ಣಿಗೆ ಬಿದ್ದಿತ್ತು.

1986ರ ಅಮೆರಿಕದ ಕಾನೂನು

ಅಧ್ಯಕ್ಷ ರೊನಾಲ್ಡ್ ರೇಗನ್ 1986ರ ಅಕ್ಟೋಬರ್ 22ರಂದು ಸಹಿ ಹಾಕಿದ ತೆರಿಗೆ ಸುಧಾರಣಾ ಕಾಯಿದೆಯು ಈ ದಾರಿಯನ್ನು ಮುಚ್ಚಿತು. ಅಮೆರಿಕದಲ್ಲಿ ನೋಂದಾಯಿತವಾಗಿದ್ದು, ಮತ್ತೊಂದು ದೇಶದಲ್ಲಿ ನಿವಾಸದ ಆಧಾರದ ಮೇಲೆ ಅಥವಾ ವಿಶ್ವವ್ಯಾಪಿ ಆದಾಯದ ಮೇಲೆ ತೆರಿಗೆಗೆ ಒಳಪಡುವ ಕಂಪನಿಯನ್ನು ಕಾನೂನು ದ್ವಿನಿವಾಸಿ ಕಂಪನಿ ಎಂದು ಗುರುತಿಸುತ್ತದೆ. ಅಂತಹ ಕಂಪನಿಯ ನಷ್ಟವನ್ನು ಅಮೆರಿಕದ ಸಮೂಹದ ಬೇರೆ ಸದಸ್ಯರ ಆದಾಯದಿಂದ ಕಳೆಯುವಂತಿಲ್ಲ.

ಈ ನಿಯಮದಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ನಷ್ಟ ಇಲ್ಲಿ ನಾಶವಾಗುವುದಿಲ್ಲ. ಅದನ್ನು ಅನುಭವಿಸಿದ ಕಂಪನಿಯು ಮುಂದೆ ತಾನೇ ಲಾಭ ಗಳಿಸಿದರೆ ಆ ಲಾಭದೊಂದಿಗೆ ಹೊಂದಿಸಿಕೊಳ್ಳಬಹುದು. ಎರಡನೆಯದಾಗಿ, ವಿದೇಶದಲ್ಲಿ ನಷ್ಟವನ್ನು ನಿಜವಾಗಿ ಬಳಸಿಕೊಂಡಿರಬೇಕೆಂಬ ಷರತ್ತು ಇಲ್ಲ, ಬಳಸುವ ಸಾಧ್ಯತೆಯಿದ್ದರೆ ಸಾಕು. ವಿದೇಶಿ ತೆರಿಗೆ ಲೆಕ್ಕಗಳನ್ನು ವರ್ಷ ವರ್ಷವೂ ತಪಾಸಣೆ ಮಾಡುವುದು ಅಮೆರಿಕದ ಅಧಿಕಾರಿಗಳಿಗೆ ಕಷ್ಟವಾದ್ದರಿಂದ ನಿರ್ಬಂಧವನ್ನೇ ಮೂಲ ನಿಯಮವಾಗಿಸಿ, ವಿನಾಯಿತಿ ಬೇಕಾದವರೇ ಅದನ್ನು ಕೇಳಿ ಪಡೆಯುವಂತೆ ಮಾಡಲಾಗಿದೆ. ಯಾವುದೇ ವಿದೇಶಿ ಕಂಪನಿಯ ಆದಾಯದಿಂದ ಕಳೆಯಲಾಗದ ನಷ್ಟವನ್ನು ನಿಯಮಾವಳಿಯ ಮೂಲಕ ಹೊರಗಿಡುವ ಅಧಿಕಾರವನ್ನು ಕಾನೂನು ಖಜಾನೆ ಇಲಾಖೆಗೆ ಕೊಟ್ಟಿದೆ.

ಬ್ರಿಟನ್ 1987ರಲ್ಲಿ ತನ್ನದೇ ನಿಯಮ ತಂದಿತು. ಅದು ಅಮೆರಿಕದ ನಿಯಮಕ್ಕಿಂತ ಕಿರಿದಾಗಿತ್ತು. ವ್ಯಾಪಾರ ನಡೆಸದೆ ಮುಖ್ಯವಾಗಿ ಸಾಲ ಪಡೆಯಲು ಮತ್ತು ಷೇರು ಹಿಡಿದಿಡಲು ಇರುವ ದ್ವಿನಿವಾಸಿ ಹೂಡಿಕೆ ಕಂಪನಿಗಳಿಗೆ ಮಾತ್ರ ಗ್ರೂಪ್ ರಿಲೀಫ್ ಅನ್ನು ನಿರಾಕರಿಸಲಾಯಿತು. ಮರುವರ್ಷ ನಿವಾಸದ ವ್ಯಾಖ್ಯೆಯೂ ಬದಲಾಗಿ, 1988ರ ಮಾರ್ಚ್ 15ರಿಂದ ಬ್ರಿಟನ್ನಿನಲ್ಲಿ ನೋಂದಾಯಿತವಾದ ಕಂಪನಿಗಳನ್ನು ಸಾಮಾನ್ಯವಾಗಿ ಅಲ್ಲಿನ ನಿವಾಸಿಗಳೆಂದೇ ಪರಿಗಣಿಸಲಾಯಿತು. ವಿದೇಶದಲ್ಲಿ ನೋಂದಾಯಿತವಾದ ಕಂಪನಿಗಳಿಗೆ ಹಳೆಯ ನಿಯಂತ್ರಣದ ಮಾನದಂಡವೇ ಉಳಿಯಿತು.

ಪ್ರತ್ಯೇಕ ಘಟಕಗಳು

ಬ್ರಿಟಿಷ್ ಲಿಂಕ್ ಕಂಪನಿಯನ್ನು ಗುರಿಯಾಗಿಸಿಕೊಂಡು ಹುಟ್ಟಿದ ನಿಯಮ ಇಂದು ಹೆಚ್ಚಾಗಿ ತಟ್ಟುವುದು ಅಮೆರಿಕದ ಕಂಪನಿಗಳ ವಿದೇಶಿ ಶಾಖೆಗಳಿಗೆ. 1988ರ ತಿದ್ದುಪಡಿಯು ದೇಶೀಯ ಕಂಪನಿಯ ‘ಪ್ರತ್ಯೇಕ ಘಟಕ’ದ ನಷ್ಟವನ್ನೂ ನಿಯಮದ ವ್ಯಾಪ್ತಿಗೆ ತಂದಿತು. ವಿದೇಶಿ ಶಾಖೆ ಇಂತಹ ಒಂದು ಘಟಕ. ಸಂಕರ ಸಂಸ್ಥೆ, ಅಂದರೆ ವಿದೇಶಿ ಕಾನೂನಿನ ಕಣ್ಣಿಗೆ ಸ್ವತಂತ್ರ ಕಂಪನಿಯಾಗಿದ್ದು ಅಮೆರಿಕದ ತೆರಿಗೆಯ ಕಣ್ಣಿಗೆ ಒಡೆಯನ ಭಾಗವಷ್ಟೇ ಆಗಿರುವ ಸಂಸ್ಥೆ, ಇನ್ನೊಂದು ಬಗೆ.

ಎರಡನೆಯ ಬಗೆಯ ಸಂಸ್ಥೆಗಳು ಬೆಳೆದದ್ದು 1997ರ ಜನವರಿ 1ರಿಂದ ಜಾರಿಗೆ ಬಂದ ‘ಚೆಕ್ ದಿ ಬಾಕ್ಸ್’ ನಿಯಮಾವಳಿಯ ನಂತರ. ನಮೂನೆಯೊಂದರಲ್ಲಿ ಗುರುತು ಹಾಕುವ ಮೂಲಕ ಅನೇಕ ವಿದೇಶಿ ಸಂಸ್ಥೆಗಳನ್ನು ಅಮೆರಿಕದ ತೆರಿಗೆಯ ಮಟ್ಟಿಗೆ ಕಂಪನಿ ಎಂದೋ ಶಾಖೆ ಎಂದೋ ಆಯ್ದುಕೊಳ್ಳಲು ಇದು ಅವಕಾಶ ಕೊಟ್ಟಿತು. ಹಿಂದೆ ನಿರ್ದೇಶಕ ಮಂಡಳಿಯ ಸಭೆಯನ್ನು ಲಂಡನ್ನಿಗೆ ಸ್ಥಳಾಂತರಿಸಿ ಸಾಧಿಸುತ್ತಿದ್ದುದನ್ನು ಒಂದು ಹಾಳೆ ಸಾಧಿಸುವಂತಾಯಿತು. ಒಂದು ಕಡೆ ಸಂಕರ ಸಂಸ್ಥೆಗಳನ್ನು ಸುಲಭಗೊಳಿಸಿ, ಇನ್ನೊಂದು ಕಡೆ ಅವುಗಳ ನಷ್ಟವನ್ನು ಕಾವಲು ಕಾಯುವ ಸ್ಥಿತಿಗೆ ಅಮೆರಿಕ ತಾನೇ ಬಂದು ನಿಂತಿತು ಎನ್ನಬಹುದು.

ದೇಶೀಯ ಬಳಕೆಯ ಆಯ್ಕೆ

ನಿರ್ಬಂಧದಿಂದ ಹೊರಬರಲು ಕಂಪನಿಗಳು ಸಾಮಾನ್ಯವಾಗಿ ಹಿಡಿಯುವ ದಾರಿ ‘ದೇಶೀಯ ಬಳಕೆಯ ಆಯ್ಕೆ’. ನಷ್ಟವನ್ನು ಅಮೆರಿಕದಲ್ಲಿ ಮಾತ್ರ ಬಳಸುವುದಾಗಿಯೂ, ವಿದೇಶದಲ್ಲಿ ಬೇರೆ ಯಾರ ಆದಾಯದಿಂದಲೂ ಕಳೆಯುವುದಿಲ್ಲವೆಂದೂ ಕಂಪನಿ ತನ್ನ ರಿಟರ್ನ್ ಜೊತೆ ಮುಚ್ಚಳಿಕೆ ಬರೆದುಕೊಡುತ್ತದೆ. ಅನಂತರ ಪ್ರತಿ ವರ್ಷ ಅದು ಈ ಮಾತನ್ನು ಉಳಿಸಿಕೊಂಡಿದ್ದೇನೆಂದು ಪ್ರಮಾಣೀಕರಿಸಬೇಕು. 1992ರ ನಿಯಮಾವಳಿಯಲ್ಲಿ ಈ ಅವಧಿ 15 ವರ್ಷವಿತ್ತು. 2007ರ ನಿಯಮಾವಳಿ ಅದನ್ನು 5 ವರ್ಷಕ್ಕೆ ಇಳಿಸಿತು.

ಅವಧಿಯೊಳಗೆ ಮುಚ್ಚಳಿಕೆ ಮುರಿದುಬಿದ್ದರೆ ಹಿಂದೆ ಕಳೆದುಕೊಂಡ ನಷ್ಟವನ್ನು ಮತ್ತೆ ಆದಾಯಕ್ಕೆ ಸೇರಿಸಿ, ಬಡ್ಡಿಸಹಿತ ತೆರಿಗೆ ಕಟ್ಟಬೇಕಾಗುತ್ತದೆ. ಮುಚ್ಚಳಿಕೆ ಮುರಿಯುವುದು ವಿದೇಶದಲ್ಲಿ ನಷ್ಟವನ್ನು ಬಳಸಿದಾಗ ಮಾತ್ರವಲ್ಲ. ಘಟಕದ ಅರ್ಧ ಅಥವಾ ಅದಕ್ಕಿಂತ ಹೆಚ್ಚಿನ ಆಸ್ತಿಯನ್ನು ಮಾರಿದರೆ, ಘಟಕದಲ್ಲಿನ ಪಾಲನ್ನು ಅಷ್ಟೇ ಪ್ರಮಾಣದಲ್ಲಿ ಪರಭಾರೆ ಮಾಡಿದರೆ, ವಾರ್ಷಿಕ ಪ್ರಮಾಣಪತ್ರ ಸಲ್ಲಿಸಲು ಮರೆತರೂ ಅದು ಮುರಿದಂತೆಯೇ. ಆದರೆ ಆ ದೇಶದ ಕಾನೂನಿನ ಪ್ರಕಾರ ನಷ್ಟವು ಕೊಳ್ಳುವವನ ಕೈಸೇರಲು ಸಾಧ್ಯವಿಲ್ಲವೆಂದು ಕಂಪನಿ ತೋರಿಸಿಕೊಟ್ಟರೆ ಈ ಊಹೆಯನ್ನು ಅಲ್ಲಗಳೆಯಬಹುದು. ಒಂದೇ ದೇಶದಲ್ಲಿರುವ ಅನೇಕ ಶಾಖೆ ಮತ್ತು ಸಂಕರ ಸಂಸ್ಥೆಗಳನ್ನು ಒಂದೇ ಘಟಕವೆಂದು ಒಟ್ಟುಗೂಡಿಸುವ ನಿಯಮವೂ ಇದೆ. ಇದರಿಂದ ಒಂದರ ಲಾಭ ಇನ್ನೊಂದರ ನಷ್ಟವನ್ನು ತುಂಬಿ, ಅನೇಕ ವೇಳೆ ಸಮಸ್ಯೆ ಅಲ್ಲಿಯೇ ತೀರುತ್ತದೆ.

ಪ್ರತಿಬಿಂಬ ನಿಯಮ ಮತ್ತು ಎರಡೂ ಕಡೆಯ ನಿರಾಕರಣೆ

ಒಂದು ನಷ್ಟವನ್ನು ಎರಡು ಕಡೆ ಕಳೆಯಬಾರದೆಂದು ಒಪ್ಪಿದರೂ, ಯಾವ ದೇಶ ಅದನ್ನು ಕಳೆಯಲು ಬಿಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ನಷ್ಟವನ್ನು ಒಪ್ಪಿಕೊಂಡ ದೇಶದ ಬೊಕ್ಕಸಕ್ಕೇ ಹೊರೆ ಬೀಳುವುದರಿಂದ ಯಾವ ದೇಶವೂ ತಾನಾಗಿ ಮುಂದೆ ಬರುವುದಿಲ್ಲ. ಇನ್ನೊಂದು ದೇಶದಲ್ಲಿ ಕಳೆಯಬಹುದಾದ ನಷ್ಟವನ್ನು ತಾನು ಒಪ್ಪುವುದಿಲ್ಲವೆಂದು ಎರಡೂ ದೇಶಗಳು ಕಾನೂನು ಮಾಡಿದರೆ ಕಂಪನಿಯ ನಿಜವಾದ ನಷ್ಟವು ಎಲ್ಲಿಯೂ ಪ್ರಯೋಜನಕ್ಕೆ ಬಾರದೆ ಹೋಗಬಹುದು.

ಅಮೆರಿಕದ ‘ಮಿರರ್ ಲೆಜಿಸ್ಲೇಷನ್’ ನಿಯಮ, ಅಂದರೆ ಪ್ರತಿಬಿಂಬ ನಿಯಮ, ಸರಿಯಾಗಿ ಈ ಇಕ್ಕಟ್ಟನ್ನು ಉಂಟುಮಾಡುತ್ತದೆ. ಬೇರೆ ದೇಶದಲ್ಲಿ ಕಳೆಯಬಹುದೆಂಬ ಕಾರಣಕ್ಕಾಗಿಯೇ ವಿದೇಶಿ ಕಾನೂನು ನಷ್ಟವನ್ನು ನಿರಾಕರಿಸಿದ್ದರೆ, ಆ ನಷ್ಟವನ್ನು ವಿದೇಶದಲ್ಲಿ ಬಳಸಿದಂತೆಯೇ ಎಂದು ಈ ನಿಯಮ ಭಾವಿಸುತ್ತದೆ. ಫಲವಾಗಿ ದೇಶೀಯ ಬಳಕೆಯ ಆಯ್ಕೆಯೂ ಮುಚ್ಚಿಹೋಗುತ್ತದೆ. ಹಾಗೆ ಮಾಡದಿದ್ದರೆ ವಿದೇಶಿ ಸರಕಾರವು ಒಂದು ಕಾನೂನು ಮಾಡಿ ಹೊರೆಯನ್ನೆಲ್ಲ ಅಮೆರಿಕದ ಮೇಲೆ ತಳ್ಳಬಹುದು ಎಂಬುದು ಇದರ ಹಿಂದಿನ ವಾದ. ಬ್ರಿಟಿಷ್ ಕಾರ್ ಆಕ್ಷನ್ಸ್ ಪ್ರಕರಣದಲ್ಲಿ ಅಮೆರಿಕದ ಫೆಡರಲ್ ಕ್ಲೇಮ್ಸ್ ನ್ಯಾಯಾಲಯ 1996ರಲ್ಲಿ ನಿಯಮವನ್ನು ಎತ್ತಿಹಿಡಿಯಿತು. 1997ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ತೀರ್ಪನ್ನು ಒಪ್ಪಿತು.

2000ರ ನಂತರ ಬ್ರಿಟನ್ ತನ್ನ ನೆಲದಲ್ಲಿರುವ ವಿದೇಶಿ ಕಂಪನಿಗಳ ಶಾಖೆಗಳ ನಷ್ಟಕ್ಕೂ ಇಂತಹುದೇ ಷರತ್ತು ಹಾಕಿದಾಗ, ಲಂಡನ್ನಿನಲ್ಲಿ ಶಾಖೆ ಹೊಂದಿದ್ದ ಅಮೆರಿಕದ ಕಂಪನಿಗಳು ಎರಡು ಗೋಡೆಗಳ ನಡುವೆ ಸಿಲುಕಿದವು. ಕೊನೆಗೆ 2006ರಲ್ಲಿ ಎರಡೂ ದೇಶಗಳ ತೆರಿಗೆ ಅಧಿಕಾರಿಗಳು ಒಪ್ಪಂದವೊಂದಕ್ಕೆ ಬಂದು, ಇಂತಹ ಶಾಖೆಗಳ ನಷ್ಟವನ್ನು ಒಂದು ದೇಶದಲ್ಲಿ ಬಳಸಿಕೊಳ್ಳಲು ದಾರಿ ಮಾಡಿಕೊಟ್ಟರು. ಪ್ರಶ್ನೆಯು ತತ್ವದಿಂದ ಬಗೆಹರಿಯದೆ ಇಬ್ಬರ ಮಾತುಕತೆಯಿಂದ ಬಗೆಹರಿದದ್ದು ಇಲ್ಲಿನ ವಿಶೇಷ.

ಐರೋಪ್ಯ ನ್ಯಾಯಾಲಯದ ತೀರ್ಪುಗಳು

ಐರೋಪ್ಯ ಒಕ್ಕೂಟದಲ್ಲಿ ಇದೇ ಪ್ರಶ್ನೆ ಮುಕ್ತ ಸ್ಥಾಪನೆಯ ಹಕ್ಕಿನ ರೂಪದಲ್ಲಿ ನ್ಯಾಯಾಲಯದ ಮುಂದೆ ಬಂದಿತು. 2012ರ ಸೆಪ್ಟೆಂಬರಿನಲ್ಲಿ ಫಿಲಿಪ್ಸ್ ಎಲೆಕ್ಟ್ರಾನಿಕ್ಸ್ ಪ್ರಕರಣದಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯವು, ನೆದರ್ಲೆಂಡ್ಸ್ ಮೂಲದ ಕಂಪನಿಯ ಬ್ರಿಟಿಷ್ ಶಾಖೆಯ ನಷ್ಟಕ್ಕೆ ಬ್ರಿಟನ್ ಹಾಕಿದ್ದ ಷರತ್ತು ಒಕ್ಕೂಟದ ಕಾನೂನಿಗೆ ವಿರುದ್ಧವೆಂದು ಹೇಳಿತು. ಶಾಖೆಯ ಲಾಭಕ್ಕೆ ತೆರಿಗೆ ವಿಧಿಸುವ ಬ್ರಿಟನ್ನಿನ ಅಧಿಕಾರಕ್ಕೆ ಆ ನಷ್ಟದ ಬಳಕೆಯಿಂದ ಧಕ್ಕೆಯಿಲ್ಲ ಎಂಬುದು ನ್ಯಾಯಾಲಯದ ದೃಷ್ಟಿ.

ಆರು ವರ್ಷಗಳ ನಂತರ, 2018ರ ಜುಲೈಯಲ್ಲಿ, ಡೆನ್ಮಾರ್ಕಿನ ಎನ್ಎನ್ ಪ್ರಕರಣದಲ್ಲಿ ನ್ಯಾಯಾಲಯದ ನಿಲುವು ಬೇರೆ ದಿಕ್ಕಿಗೆ ವಾಲಿತು. ನಷ್ಟದ ಇಮ್ಮಡಿ ಬಳಕೆಯನ್ನು ತಡೆಯುವುದು ನಿರ್ಬಂಧಕ್ಕೆ ಸಮರ್ಥನೆಯಾಗಬಲ್ಲದು ಎಂದು ಅದು ಒಪ್ಪಿತು. ಆದರೆ ಇನ್ನೊಂದು ದೇಶದಲ್ಲಿ ನಷ್ಟವನ್ನು ಕಳೆಯಲು ವಾಸ್ತವವಾಗಿ ಸಾಧ್ಯವೇ ಇಲ್ಲದಿರುವಾಗ ನಿರ್ಬಂಧ ಹೇರುವಂತಿಲ್ಲ ಎಂಬ ಮಿತಿಯನ್ನೂ ಹಾಕಿತು. ಅಮೆರಿಕದ ಪ್ರತಿಬಿಂಬ ನಿಯಮ ಕಡೆಗಣಿಸುವ ಅಂಶ ಇದೇ.

ಒಇಸಿಡಿ ಶಿಫಾರಸು

ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ, ಅಂದರೆ ಒಇಸಿಡಿ, ತೆರಿಗೆ ತಳಹದಿಯ ಸವೆತವನ್ನು ತಡೆಯುವ ಯೋಜನೆಯ ಎರಡನೆಯ ಕ್ರಮದ ಅಂತಿಮ ವರದಿಯನ್ನು 2015ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಯಾವ ದೇಶ ಮೊದಲು ನಿರಾಕರಿಸಬೇಕು ಎಂಬ ಪ್ರಶ್ನೆಗೆ ಅದು ಸರದಿಯೊಂದನ್ನು ಸೂಚಿಸಿತು. ಮೊದಲ ಹಕ್ಕು ಮಾತೃಸಂಸ್ಥೆಯ ದೇಶದ್ದು: ಇಮ್ಮಡಿ ಕಡಿತವನ್ನು ಅದು ನಿರಾಕರಿಸಬೇಕು. ಅದು ಹಾಗೆ ಮಾಡದಿದ್ದಲ್ಲಿ ಮಾತ್ರ ಹಣ ಪಾವತಿಸಿದ ಸಂಸ್ಥೆಯ ದೇಶ ನಿರಾಕರಿಸಬಹುದು. ಎರಡೂ ದೇಶಗಳಲ್ಲಿ ಲೆಕ್ಕಕ್ಕೆ ಬರುವ ಆದಾಯದಿಂದ ನಷ್ಟವನ್ನು ಕಳೆಯಲು ಯಾವ ಅಡ್ಡಿಯೂ ಇರಬಾರದೆಂಬುದನ್ನೂ ವರದಿ ಸ್ಪಷ್ಟಪಡಿಸಿತು.

ದ್ವಿನಿವಾಸಿ ಕಂಪನಿಯಲ್ಲಿ ಈ ಸರದಿ ಕೆಲಸಕ್ಕೆ ಬಾರದು, ಏಕೆಂದರೆ ಎರಡೂ ದೇಶಗಳು ಸಮಾನ ಹಕ್ಕಿನಿಂದ ಅದನ್ನು ತಮ್ಮ ನಿವಾಸಿ ಎನ್ನುತ್ತವೆ. ಅಲ್ಲಿ ಎರಡೂ ದೇಶಗಳು ನಿರಾಕರಿಸಬಹುದೆಂದೇ ವರದಿ ಹೇಳುತ್ತದೆ. ಬ್ರಿಟನ್ ಈ ಶಿಫಾರಸುಗಳನ್ನು 2017ರ ಜನವರಿ 1ರಿಂದ ಜಾರಿಗೆ ತಂದಿತು. ಐರೋಪ್ಯ ಒಕ್ಕೂಟ 2017ರ ಮೇ ತಿಂಗಳಲ್ಲಿ ನಿರ್ದೇಶನ ಹೊರಡಿಸಿತು. ಅದರ ಮುಖ್ಯ ನಿಯಮಗಳು 2020ರ ಜನವರಿ 1ರಿಂದ ಸದಸ್ಯ ದೇಶಗಳಲ್ಲಿ ಅನ್ವಯವಾದವು.

ಭಾರತದ ಸಂದರ್ಭ

ಭಾರತದಲ್ಲಿ ಪ್ರತಿಯೊಂದು ಕಂಪನಿಯೂ ತೆರಿಗೆಯ ಮಟ್ಟಿಗೆ ಪ್ರತ್ಯೇಕ ವ್ಯಕ್ತಿ. ಸಮೂಹದ ಕಂಪನಿಗಳು ಒಟ್ಟಾಗಿ ರಿಟರ್ನ್ ಸಲ್ಲಿಸುವ ಅಥವಾ ನಷ್ಟವನ್ನು ಪರಸ್ಪರ ಬಿಟ್ಟುಕೊಡುವ ವ್ಯವಸ್ಥೆ ಇಲ್ಲ. ಆದ್ದರಿಂದ ಇಮ್ಮಡಿ ಕಡಿತಕ್ಕೆ ಬೇಕಾದ ಎರಡನೆಯ ಅಂಶವೇ ಇಲ್ಲಿ ಇಲ್ಲವಾಗುತ್ತದೆ. ವಿದೇಶಿ ಕಂಪನಿಗಳ ನಿವಾಸವನ್ನು ಪರಿಣಾಮಕಾರಿ ಆಡಳಿತದ ಸ್ಥಳದಿಂದ ನಿರ್ಧರಿಸುವ ನಿಯಮ 2017-18ರ ಕರನಿರ್ಧಾರಣಾ ವರ್ಷದಿಂದ ಬಂದ ಮೇಲೆ ದ್ವಿನಿವಾಸದ ಸಾಧ್ಯತೆ ಹೆಚ್ಚಿದ್ದರೂ ಈ ಸ್ಥಿತಿ ಬದಲಾಗಿಲ್ಲ.

ಆದರೂ ಅಮೆರಿಕದ ನಿಯಮ ಬೆಂಗಳೂರಿನಂತಹ ನಗರಗಳಿಗೆ ದೂರದ್ದಲ್ಲ. ಭಾರತದ ಪಬ್ಲಿಕ್ ಲಿಮಿಟೆಡ್ ಕಂಪನಿಯನ್ನು ಅಮೆರಿಕ ಕಡ್ಡಾಯವಾಗಿ ಕಂಪನಿಯೆಂದೇ ಪರಿಗಣಿಸುತ್ತದೆ. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಆ ಕಡ್ಡಾಯವಿಲ್ಲ. ಅಮೆರಿಕದ ಮಾತೃಸಂಸ್ಥೆಯೊಂದು ತನ್ನ ಬೆಂಗಳೂರಿನ ಪ್ರೈವೇಟ್ ಲಿಮಿಟೆಡ್ ಅಂಗಸಂಸ್ಥೆಯನ್ನು ಶಾಖೆಯೆಂದು ಆಯ್ದುಕೊಂಡರೆ ಅದು ಸಂಕರ ಸಂಸ್ಥೆಯಾಗುತ್ತದೆ, ಅದರ ಆರಂಭದ ವರ್ಷಗಳ ನಷ್ಟ ದ್ವಿ ಕ್ರೋಡೀಕೃತ ನಷ್ಟವಾಗುತ್ತದೆ. ಭಾರತದಲ್ಲಿ ಆ ನಷ್ಟ ಅದೇ ಅಂಗಸಂಸ್ಥೆಯ ಮುಂದಿನ ಲಾಭಕ್ಕೆ ಮಾತ್ರ ಹೊಂದುವುದರಿಂದ ದೇಶೀಯ ಬಳಕೆಯ ಆಯ್ಕೆ ಮಾಡುವುದು ಸಾಮಾನ್ಯವಾಗಿ ಕಷ್ಟವಲ್ಲ. ತೊಡಕು ಬರುವುದು 5 ವರ್ಷದೊಳಗೆ ಅಂಗಸಂಸ್ಥೆಯನ್ನು ಮಾರಿದಾಗ ಅಥವಾ ಬೇರೆ ಕಂಪನಿಯೊಂದಿಗೆ ವಿಲೀನಗೊಳಿಸಿದಾಗ. 1961ರ ಆದಾಯ ತೆರಿಗೆ ಕಾಯಿದೆಯ 79ನೇ ಸೆಕ್ಷನ್ನಿನ ಪ್ರಕಾರ, ಸಾರ್ವಜನಿಕರಿಗೆ ಗಣನೀಯ ಪಾಲಿಲ್ಲದ ಕಂಪನಿಯಲ್ಲಿ ಶೇ. 51ರಷ್ಟು ಮತಾಧಿಕಾರ ಹಳೆಯ ಷೇರುದಾರರಲ್ಲಿಯೇ ಉಳಿಯದಿದ್ದರೆ, ಕೆಲವು ಅಪವಾದಗಳನ್ನು ಬಿಟ್ಟು, ಹಿಂದಿನ ನಷ್ಟವನ್ನು ಮುಂದಕ್ಕೆ ಒಯ್ಯುವಂತಿರಲಿಲ್ಲ. ಭಾರತದಲ್ಲಿ ಕೊಳ್ಳುವವನಿಗೆ ನಿರಾಸೆ ತರುವ ಈ ನಿಯಮವೇ ಅಮೆರಿಕದ ಮಾರಾಟಗಾರನಿಗೆ, ನಷ್ಟ ಬೇರೆಯವರ ಕೈಸೇರಿಲ್ಲವೆಂದು ತೋರಿಸಲು ಆಧಾರವಾಗಬಲ್ಲದು.

ಇತ್ತೀಚಿನ ಬೆಳವಣಿಗೆಗಳು

ಬೃಹತ್ ಸಮೂಹಗಳು ಪ್ರತಿ ದೇಶದಲ್ಲಿಯೂ ಕನಿಷ್ಠ ಶೇ. 15ರಷ್ಟು ತೆರಿಗೆ ಕಟ್ಟಬೇಕೆಂಬ ಜಾಗತಿಕ ಕನಿಷ್ಠ ತೆರಿಗೆ ಈ ವಿಷಯಕ್ಕೆ ಹೊಸ ಗೋಜಲು ತಂದಿದೆ. ಅದರ ಲೆಕ್ಕದಲ್ಲಿ ಒಂದು ದೇಶದೊಳಗಿನ ಎಲ್ಲ ಘಟಕಗಳ ಲಾಭನಷ್ಟಗಳನ್ನು ಕೂಡಿಸಲಾಗುತ್ತದೆ. ಹಾಗೆ ಕೂಡಿಸಿದಾಗ ಶಾಖೆಯ ನಷ್ಟ ಸೋದರ ಕಂಪನಿಯ ಲಾಭವನ್ನು ತಗ್ಗಿಸುವುದರಿಂದ, ಇದನ್ನು ‘ವಿದೇಶಿ ಬಳಕೆ’ ಎನ್ನಬೇಕೇ ಎಂಬ ಪ್ರಶ್ನೆ ಎದ್ದಿತು. ಅಮೆರಿಕದ ಖಜಾನೆ ಇಲಾಖೆ ಇದಕ್ಕೆ ಸದ್ಯಕ್ಕೆ ಸಂಕ್ರಮಣ ಕಾಲದ ವಿನಾಯಿತಿ ನೀಡಿದೆ. 2025ರ ಜನವರಿಯಲ್ಲಿ ಇಲಾಖೆಯು ಸಂಕರ ಸಂಸ್ಥೆ ತನ್ನ ಒಡೆಯನಿಗೇ ಕಟ್ಟುವ, ಅಮೆರಿಕದ ಲೆಕ್ಕದಲ್ಲಿ ಕಾಣಿಸದ ಬಡ್ಡಿ ಮತ್ತು ರಾಯಲ್ಟಿಯಿಂದ ಹುಟ್ಟುವ ನಷ್ಟಕ್ಕೂ ನಿಯಮಗಳನ್ನು ಅಂತಿಮಗೊಳಿಸಿತ್ತು. ತೀವ್ರ ಆಕ್ಷೇಪ ಎದುರಾದ ಮೇಲೆ, ಅದೇ ವರ್ಷದ ಆಗಸ್ಟಿನಲ್ಲಿ ಅವನ್ನು ಹಿಂತೆಗೆದುಕೊಳ್ಳುವ ಉದ್ದೇಶವನ್ನು ಪ್ರಕಟಿಸಿ, ಕನಿಷ್ಠ ತೆರಿಗೆಗೆ ಸಂಬಂಧಿಸಿದ ವಿನಾಯಿತಿಯ ಅವಧಿಯನ್ನು ವಿಸ್ತರಿಸುವುದಾಗಿಯೂ ತಿಳಿಸಿತು.